ಮೂಳೆ, ಕೀಲು, ಸ್ನಾಯುಗಳ ನೋವು: ಕಾರಣ ತಿಳಿಯೋಣ, ಕಾಯಕ ಉಳಿಸಿಕೊಳ್ಳೋಣ

(ಉಲ್ಲಾಳದಲ್ಲಿ ರೋಗಿಗಳು ಮತ್ತು ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)

ಸೊಂಟ ನೋವು, ಮಂಡಿ ನೋವು, ಕುತ್ತಿಗೆ ಹಿಡಿತ, ಭುಜ ಎತ್ತಲು ಆಗದಿರುವುದು, ಕೈ ಜೋಮು ಹಿಡಿಯುವುದು - ಇವುಗಳಲ್ಲಿ ಒಂದಾದರೂ ಇಲ್ಲದ ಮನೆ ಇಂದು ಸಿಗುವುದು ಕಷ್ಟ. ಇವು ಪ್ರಾಣ ತೆಗೆಯುವ ಕಾಯಿಲೆಗಳಲ್ಲ ಎಂದು ನಾವು ಅಲಕ್ಷ್ಯ ಮಾಡುತ್ತೇವೆ. ಆದರೆ ದಿನಗೂಲಿಯಲ್ಲಿ ಬದುಕುವವರಿಗೆ ಸೊಂಟ ಹಿಡಿದುಕೊಂಡರೆ ಅಂದಿನ ಕೂಲಿ ಹೋಯಿತು. ತಿಂಗಳುಗಟ್ಟಲೆ ಹಿಡಿದರೆ ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ನಿಂತುಹೋಗುತ್ತದೆ. ಆದ್ದರಿಂದ ಇದು ಕೇವಲ ನೋವಿನ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆಯೂ ಹೌದು.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ನೀಡಿದ ಮಾಹಿತಿಯಂತೆ ಪ್ರಪಂಚದಲ್ಲಿ ಸುಮಾರು 171 ಕೋಟಿ ಜನರಿಗೆ ಮೂಳೆ, ಕೀಲು, ಸ್ನಾಯುಗಳಿಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಇದೆ. ಮನುಷ್ಯನು ಕೆಲಸ ಮಾಡಲಾಗದಂತೆ ಮೂಲೆಗೆ ಕೂರಿಸುವ ಕಾಯಿಲೆಗಳಲ್ಲಿ ಸೊಂಟ ನೋವಿಗೇ ಮೊದಲ ಸ್ಥಾನ. ಹೀಗಿರುವಾಗ ಇವು ಏಕೆ ಬರುತ್ತವೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ನಮ್ಮ ದೇಹದ ಚೌಕಟ್ಟು

ಬೆಳೆದ ಮನುಷ್ಯನ ದೇಹದಲ್ಲಿ 206 ಮೂಳೆಗಳಿವೆ. ಮೂಳೆಗಳು ಸೇರುವ ಜಾಗವೇ ಕೀಲು. ಕೀಲಿನಲ್ಲಿ ಮೂಳೆಗೆ ಮೂಳೆ ತಿಕ್ಕದಂತೆ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಆರುನೂರಕ್ಕೂ ಹೆಚ್ಚು ಸ್ನಾಯುಗಳು ಹಗ್ಗದಂತಹ ಸ್ನಾಯುರಜ್ಜುಗಳ ಮೂಲಕ ಮೂಳೆಗಳನ್ನು ಎಳೆದು ನಮ್ಮನ್ನು ನಡೆಸುತ್ತವೆ, ಬಾಗಿಸುತ್ತವೆ, ಎತ್ತಿಸುತ್ತವೆ. ಬೆನ್ನುಮೂಳೆಯ ಬಿಲ್ಲೆಗಳ ನಡುವೆ ಮೆತ್ತೆಯಂತಹ ಡಿಸ್ಕ್‌ಗಳಿವೆ. ಇವುಗಳಲ್ಲಿ ಯಾವುದಕ್ಕೆ ಪೆಟ್ಟು, ಸವೆತ, ಉರಿಯೂತ ಅಥವಾ ಪೋಷಣೆಯ ಕೊರತೆ ಆದರೂ ನೋವು ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಬೆಳೆದವರ ಡಿಸ್ಕ್‌ಗೂ ಕೀಲಿನ ಮೃದ್ವಸ್ಥಿಗೂ ನೇರವಾಗಿ ರಕ್ತ ಹರಿಯುವುದಿಲ್ಲ. ನಾವು ನಡೆದಾಡುವಾಗ, ಬಾಗಿ ಏಳುವಾಗ ಅವು ಸ್ಪಂಜಿನಂತೆ ಒತ್ತಿ ಬಿಟ್ಟು ಸುತ್ತಲಿನ ದ್ರವದಿಂದ ಆಹಾರವನ್ನು ಹೀರಿಕೊಳ್ಳುತ್ತವೆ. ಅಂದರೆ ಚಲನೆಯೇ ಕೀಲಿನ ಊಟ. ಅತಿಯಾಗಿ ದುಡಿಸಿದರೆ ಕೀಲು ಸವೆಯುತ್ತದೆ, ದುಡಿಸದೇ ಇಟ್ಟರೆ ಹಸಿಯುತ್ತದೆ. ಈ ಎರಡು ಮಾತುಗಳನ್ನು ನೆನಪಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನಿಮ್ಮ ಕಾಯಕ ಯಾವುದು?

ನೋವೆಂದು ಬಂದವರನ್ನು ವೈದ್ಯರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಇಟಲಿಯ ರಾಮಜ್ಜೀನಿ ಎಂಬ ವೈದ್ಯರು 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಗ್ರಂಥ ಬರೆದರು. ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳ ಜೊತೆಗೆ ‘ನೀನು ಮಾಡುವ ಕೆಲಸ ಯಾವುದು’ ಎಂಬುದನ್ನೂ ಸೇರಿಸಿ ಎಂದು ಅವರು ವೈದ್ಯರಿಗೆ ತಿಳಿಸಿದರು. ನಮ್ಮ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರನ್ನು ನಾವು ಇಂದಿಗೂ ಅವರ ಕಾಯಕದಿಂದಲೇ ಗುರುತಿಸುತ್ತೇವೆ. ಮಡಿವಾಳ ಮಾಚಯ್ಯ ಬಟ್ಟೆ ಒಗೆದವರು, ಅಂಬಿಗರ ಚೌಡಯ್ಯ ದೋಣಿ ನಡೆಸಿದವರು, ನುಲಿಯ ಚಂದಯ್ಯ ಹಗ್ಗ ಹೊಸೆದವರು, ಆಯ್ದಕ್ಕಿ ಲಕ್ಕಮ್ಮನವರದು ಅಕ್ಕಿ ಆಯುವ ಕಾಯಕದ ಮನೆ. ಒಗೆಯುವವರಿಗೆ ಸೊಂಟ, ಹುಟ್ಟು ಹಾಕುವವರಿಗೆ ಭುಜ, ಹೊಸೆಯುವವರಿಗೆ ಮಣಿಕಟ್ಟು, ಆಯುವವರಿಗೆ ಮಂಡಿ ಮತ್ತು ಕುತ್ತಿಗೆ. ಯಾವ ಕಾಯಕವೂ ಕೀಳಲ್ಲ ಎಂದು ಒಪ್ಪಿದ ಮೇಲೆ, ಆ ಕಾಯಕ ಮಾಡುವ ಕೈಕಾಲುಗಳನ್ನು ನೋಡಿಕೊಳ್ಳುವುದೂ ನಮ್ಮ ಕರ್ತವ್ಯವೇ ಆಗುತ್ತದೆ.

ಇಂದು ನಮ್ಮ ಸುತ್ತಮುತ್ತಲಿನ ಕಾಯಕಗಳನ್ನು ನೋಡೋಣ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳು ದಿನವಿಡೀ ಕುತ್ತಿಗೆ ಬಗ್ಗಿಸಿ ಕೂರುತ್ತಾರೆ. ಪೀಣ್ಯ, ಕಾಮಾಕ್ಷಿಪಾಳ್ಯದ ವರ್ಕ್‌ಶಾಪ್‌ಗಳಲ್ಲಿ ಯಂತ್ರದ ಮುಂದೆ ನಿಂತೇ ಇರುತ್ತಾರೆ. ಆಟೋ ಓಡಿಸುವವರು ಗುಂಡಿ ಬಿದ್ದ ರಸ್ತೆಯಲ್ಲಿ ಅಲುಗುತ್ತಾ ಕೂರುತ್ತಾರೆ. ಗಾರೆ ಕೆಲಸದವರು ಐವತ್ತು ಕಿಲೋ ಸಿಮೆಂಟ್ ಮೂಟೆ ಹೊರುತ್ತಾರೆ. ಮನೆಯಲ್ಲೇ ಅಗರಬತ್ತಿ ಹೊಸೆಯುವವರು, ಹೂ ಕಟ್ಟುವವರು ಒಂದೇ ಬೆರಳುಗಳನ್ನು ಸಾವಿರ ಸಲ ಆಡಿಸುತ್ತಾರೆ. ಕಂಪ್ಯೂಟರ್ ಕೆಲಸದ ಯುವಕರು ಪರದೆ ಮುಂದೆ ಅಲುಗಾಡದೇ ಕೂರುತ್ತಾರೆ. ಇನ್ನು ಮನೆಗೆಲಸದ ತಾಯಂದಿರು ಈ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಾರೆ, ಅವರ ಕೆಲಸಕ್ಕೆ ರಜೆಯೂ ಇಲ್ಲ.

ಕೆಲಸದಿಂದ ನೋವು ಹೇಗೆ ಬರುತ್ತದೆ?

ಮುಖ್ಯವಾಗಿ ನಾಲ್ಕು ದಾರಿಗಳಿವೆ.

1. ಭಾರ: ಕೊಡ, ಕ್ಯಾನು, ಮೂಟೆ ಯಾವುದೇ ಆಗಲಿ, ಅದು ಮೈಯಿಂದ ದೂರವಿದ್ದಷ್ಟೂ ಸೊಂಟದ ಮೇಲೆ ಬೀಳುವ ಒತ್ತಡ ಹಲವು ಪಟ್ಟು ಹೆಚ್ಚುತ್ತದೆ. ನೀರಿನ ಕ್ಯಾನು 20 ಕಿಲೋ. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಉಕ್ಕಿನ ತೂಕ ಸೇರಿದರೆ ಸುಮಾರು 30 ಕಿಲೋ. ಬಾಗಿ, ಜೊತೆಗೆ ತಿರುಗಿ ಎತ್ತಿದರೆ ಡಿಸ್ಕ್‌ಗೆ ಅದೇ ಅತಿ ದೊಡ್ಡ ಶಿಕ್ಷೆ.

2. ಪುನರಾವರ್ತನೆ: ಒಂದೇ ಚಲನೆಯನ್ನು ಬಿಡುವಿಲ್ಲದೆ ಮಾಡಿದಾಗ ಸ್ನಾಯುರಜ್ಜುಗಳು ಚೇತರಿಸಿಕೊಳ್ಳಲು ಸಮಯ ಸಿಗದೆ ಊದಿಕೊಳ್ಳುತ್ತವೆ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾಯುವ ನರ ಒತ್ತಿಕೊಂಡರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ. ರಾತ್ರಿ ಎಚ್ಚರವಾಗಿ ಕೈ ಕೊಡವಬೇಕೆನಿಸುವುದು ಇದರ ಗುರುತು.

3. ಅಲುಗದ ಭಂಗಿ: ಬಿಗಿಹಿಡಿದ ಸ್ನಾಯುವಿಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಗಂಟೆಗಟ್ಟಲೆ ತಲೆ ಬಗ್ಗಿಸಿ ಹೊಲಿದರೆ, ಮೊಬೈಲ್ ನೋಡಿದರೆ ಸಂಜೆಗೆ ಕುತ್ತಿಗೆ ಕಲ್ಲಾಗುವುದು ಇದರಿಂದಲೇ.

4. ಅದುರುವಿಕೆ: ಕೊರೆಯುವ ಯಂತ್ರ ಹಿಡಿಯುವವರ ಕೈಗಳಿಗೂ ದಿನವಿಡೀ ವಾಹನ ಓಡಿಸುವವರ ಸೊಂಟಕ್ಕೂ ಇದು ಕಾಣದ ಶತ್ರು.

ಇವುಗಳ ಜೊತೆಗೆ ನಿದ್ದೆಗೇಡು, ಗುರಿ ಮುಟ್ಟಬೇಕೆಂಬ ಒತ್ತಡ, ಸಾಲದ ಚಿಂತೆ ಸೇರಿದರೆ ಅದೇ ನೋವು ಇಮ್ಮಡಿಯಾಗುತ್ತದೆ. ಹಾಗೆಂದು ನೋವು ಮನಸ್ಸಿನ ಕಲ್ಪನೆಯಲ್ಲ. ದಣಿದ ಮನಸ್ಸು ನೋವನ್ನು ತಡೆಯಲಾರದು, ಅಷ್ಟೆ.

ಕೆಲಸವಲ್ಲದ ಕಾರಣಗಳು

ಎಲ್ಲ ನೋವನ್ನೂ ‘ಕೆಲಸ ಜಾಸ್ತಿಯಾಯಿತು’, ‘ವಾಯು’ ಅಥವಾ ‘ವಯಸ್ಸಾಯಿತು’ ಎಂದು ತಳ್ಳಿಹಾಕಬಾರದು.

ಕೀಲುಸವೆತ: ಐವತ್ತು ದಾಟಿದವರಲ್ಲಿ ಮಂಡಿ ನೋವಿಗೆ ಇದು ಮುಖ್ಯ ಕಾರಣ. ಕುಳಿತು ಏಳುವಾಗ, ಮೆಟ್ಟಿಲು ಇಳಿಯುವಾಗ ನೋವು ಹೆಚ್ಚು. ಮೈತೂಕ ಇದಕ್ಕೆ ತುಪ್ಪ ಸುರಿಯುತ್ತದೆ. ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ.

ಉರಿಯೂತದ ಸಂಧಿವಾತ: ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಗೆಣ್ಣುಗಳು ಊದಿ, ಒಂದು ಗಂಟೆಯಾದರೂ ಬಿಗಿತ ಬಿಡದಿದ್ದರೆ ಅದು ಸವೆತವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ಇದು ಮೂವತ್ತು ನಲವತ್ತರ ಹೆಣ್ಣುಮಕ್ಕಳಿಗೂ ಬರುತ್ತದೆ. ಬೇಗ ಚಿಕಿತ್ಸೆ ಶುರುವಾದರೆ ಕೀಲು ಸೊಟ್ಟಗಾಗುವುದನ್ನು ತಡೆಯಬಹುದು. ಇಲ್ಲಿ ತಡವೇ ದೊಡ್ಡ ನಷ್ಟ.

ಟೊಳ್ಳು ಮೂಳೆ: ಮುಟ್ಟು ನಿಂತ ನಂತರ ಮೂಳೆಯ ಗಟ್ಟಿತನ ವೇಗವಾಗಿ ಕಡಿಮೆಯಾಗುತ್ತದೆ. ಸುಮ್ಮನೆ ಜಾರಿ ಬಿದ್ದರೂ ಮಣಿಕಟ್ಟು, ಬೆನ್ನುಮೂಳೆ, ತೊಡೆಯ ಚಿಪ್ಪು ಮುರಿಯುತ್ತದೆ. ಮುರಿಯುವವರೆಗೆ ಈ ಕಾಯಿಲೆ ಸದ್ದು ಮಾಡುವುದಿಲ್ಲ.

ಡಿ ಜೀವಸತ್ವದ ಕೊರತೆ: ಬೆಂಗಳೂರಿನಲ್ಲಿ ಬಿಸಿಲಿಗೇನೂ ಬರವಿಲ್ಲ. ಆದರೆ ಬೆಳಗಾಗುವ ಮೊದಲೇ ಕಾರ್ಖಾನೆಯೊಳಗೆ ಹೋಗಿ ಸಂಜೆ ಹೊರಬರುವವರಿಗೆ, ಮನೆಯೊಳಗೇ ಇರುವ ಹಿರಿಯರಿಗೆ ಅದು ಸಿಗುವುದಿಲ್ಲ. ಮೈಯೆಲ್ಲ ಮೂಳೆ ನೋವು, ತೊಡೆಗಳಲ್ಲಿ ಶಕ್ತಿಯಿಲ್ಲದಂತೆ ಆಗುವುದು ಇದರ ಲಕ್ಷಣ.

ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್: ಭುಜ ಹಿಡಿದುಕೊಂಡು ತಲೆ ಬಾಚಲೂ ಆಗದಂತಾದರೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿಯುವುದು ಹೆಚ್ಚು. ಕೈ ಜೋಮಿಗೂ ಸಕ್ಕರೆ, ಥೈರಾಯ್ಡ್ ದೋಷಗಳು ಕಾರಣವಾಗುತ್ತವೆ.

ಕ್ಷಯ: ಕ್ಷಯವು ಶ್ವಾಸಕೋಶಕ್ಕೆ ಮಾತ್ರವಲ್ಲ, ಬೆನ್ನುಮೂಳೆಗೂ ಬರುತ್ತದೆ. ಬೆನ್ನುನೋವಿನ ಜೊತೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಮುಚ್ಚಿಡಬೇಡಿ. ಸರ್ಕಾರ ಇದಕ್ಕೆ ಉಚಿತ ಔಷಧ ನೀಡುತ್ತದೆ, ಪೂರ್ತಿ ಅವಧಿ ತೆಗೆದುಕೊಂಡರೆ ಗುಣವಾಗುತ್ತದೆ.

ಕುಡಿಯುವ ನೀರು: ಪಾವಗಡ, ಬಾಗೇಪಲ್ಲಿಯಂತಹ ತಾಲ್ಲೂಕುಗಳ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ತಿಳಿದ ವಿಷಯ. ಒಂದು ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರೇ ಸಿಗದಿದ್ದಾಗಲೂ 1.5 ಮೀರಬಾರದು. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರಲ್ಲಿ ಹಲ್ಲು ಕಂದುಗಟ್ಟುವುದು, ಬೆನ್ನು ಕೋಲಿನಂತೆ ಬಿಗಿಯುವುದು ಕಾಣುತ್ತದೆ. ಅಂತಹ ಊರಿನಿಂದ ಬಂದವರು ವೈದ್ಯರಿಗೆ ಊರಿನ ಹೆಸರನ್ನೂ ಹೇಳಬೇಕು.

ವಂಶವಾಹಿ: 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಒಂದು ಕೀಲುರೋಗ ಬೆಳಕಿಗೆ ಬಂತು. ಸೊಂಟದ ಕೀಲು, ಮಂಡಿಗಳು ಹಾಳಾಗಿ ಹಲವರು ನಡೆಯಲಾರದೆ ಹೋದರು, ಕೆಲವರು ಕುಳ್ಳಗೆ ಉಳಿದರು. ಊರಿನ ಹೆಸರಿನಿಂದಲೇ ಅದನ್ನು ಹಂದಿಗೋಡು ಕಾಯಿಲೆ ಎಂದು ಕರೆಯುತ್ತಾರೆ. ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ದೋಷವಿದು ಎಂದು ಅಧ್ಯಯನಗಳು ತೋರಿಸಿದವು. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಮನೆಯಲ್ಲಿ ಹಲವರಿಗೆ ಒಂದೇ ಬಗೆಯ ಕೀಲು ತೊಂದರೆ ಇದ್ದರೆ ಅದನ್ನು ಹೇಳಲು ಸಂಕೋಚ ಬೇಡ.

ಮೂರು ತಪ್ಪು ತಿಳಿವಳಿಕೆಗಳು

ಮೊದಲನೆಯದು, ‘ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ’ ಎಂಬುದು. ಸ್ಕ್ಯಾನ್ ವರದಿಯಲ್ಲಿ ‘ಡಿಸ್ಕ್ ಸವೆದಿದೆ, ಉಬ್ಬಿದೆ’ ಎಂದು ಬರೆದಿರುವುದನ್ನು ಓದಿ ಅನೇಕರು ಕುಸಿದುಬಿಡುತ್ತಾರೆ. ಯಾವ ಬೆನ್ನುನೋವೂ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ವರದಿಯೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಜನರಿಗೆ, ಎಂಬತ್ತರವರಲ್ಲಿ ನೂರಕ್ಕೆ 96 ಜನರಿಗೆ ಡಿಸ್ಕ್ ಸವೆತ ಕಂಡಿತ್ತು. ತಲೆಕೂದಲು ನರೆಯುವಂತೆ ಡಿಸ್ಕ್ ಕೂಡ ಮಾಗುತ್ತದೆ. ವೈದ್ಯರ ಪರೀಕ್ಷೆಯ ಜೊತೆ ಹೊಂದಿದಾಗ ಮಾತ್ರ ಸ್ಕ್ಯಾನ್‌ಗೆ ಅರ್ಥ.

ಎರಡನೆಯದು, ‘ತಿಂಗಳು ಮಲಗಿದರೆ ವಾಸಿಯಾಗುತ್ತದೆ’ ಎಂಬುದು. 1986ರಲ್ಲಿ ಅಮೆರಿಕದಲ್ಲಿ ಸೊಂಟ ನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ಹೋಲಿಸಿದರು. ಏಳು ದಿನ ಮಲಗಲು ಹೇಳಿಸಿಕೊಂಡವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ, ಕೆಲಸದ ದಿನಗಳು ಮಾತ್ರ ಹೆಚ್ಚು ಹೋದವು. ಸಾಮಾನ್ಯ ಸೊಂಟ ನೋವಿಗೆ ಒಂದೆರಡು ದಿನದ ವಿಶ್ರಾಂತಿ ಸಾಕು. ನಂತರ ಮೆಲ್ಲಗೆ ನಡೆದಾಡಬೇಕು.

ಮೂರನೆಯದು, ‘ಅಂಗಡಿಯಲ್ಲಿ ಒಂದು ಮಾತ್ರೆ ನುಂಗಿದರೆ ಆಯಿತು’ ಎಂಬುದು. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಹೆಸರು, ಚೀಟಿ ಇಲ್ಲದೆ ಕೊಡುವ ‘ಕೀಲುನೋವಿನ ಪುಡಿ’ಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಎರಡೇ ದಿನದಲ್ಲಿ ಪವಾಡದಂತೆ ನೋವು ಮಾಯವಾಗಿ, ಮುಖ ದುಂಡಗಾಗಿ ಊದತೊಡಗಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನವಿದೆ. ದೀರ್ಘಕಾಲ ತಿಂದರೆ ಮೂಳೆಯೇ ಟೊಳ್ಳಾಗುತ್ತದೆ, ಸೊಂಟದ ಕೀಲಿಗೆ ರಕ್ತ ನಿಂತು ಅದು ಕುಸಿಯಬಹುದು. ಅಂತಹ ಪುಡಿ ತಿನ್ನುತ್ತಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ತಂದು ವೈದ್ಯರಿಗೆ ತೋರಿಸಿ.

ಕಟ್ಟು ಹಾಕಿಸಿಕೊಂಡವರಿಗೆ ಒಂದು ಮಾತು

ಮೂಳೆ ಮುರಿದಾಗ ನಾಟಿ ಕಟ್ಟು ಹಾಕಿಸುವ ರೂಢಿ ನಮ್ಮಲ್ಲಿ ಹಿಂದಿನಿಂದ ಇದೆ. ಹಿರಿಯರ ನಂಬಿಕೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಎಕ್ಸ್‌ರೇ ಇಲ್ಲದೆ ಮುರಿತ ಹೇಗಿದೆಯೆಂದು ತಿಳಿಯದು. ಮುರಿದ ಜಾಗ ಮೊದಲ ಎರಡು ಮೂರು ದಿನ ಊದುತ್ತಲೇ ಹೋಗುತ್ತದೆ. ಸುತ್ತ ಬಿಗಿದ ಕಟ್ಟು ಊತಕ್ಕೆ ಜಾಗ ಕೊಡದಿದ್ದರೆ ರಕ್ತ ಸಂಚಾರ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸಾಯತೊಡಗುತ್ತವೆ. ಕೊನೆಗೆ ಕೈಯನ್ನೋ ಕಾಲನ್ನೋ ತೆಗೆಯಬೇಕಾದ ಸ್ಥಿತಿ ಬರುತ್ತದೆ. ಎಷ್ಟೋ ಬಾರಿ ಅದು ಶಾಲೆಗೆ ಹೋಗುವ ಮಗುವಿನ ಕೈ ಆಗಿರುತ್ತದೆ.

ನಾಟಿ ಕಟ್ಟಾಗಲಿ, ಆಸ್ಪತ್ರೆಯ ಪ್ಲಾಸ್ಟರ್ ಆಗಲಿ, ಹಾಕಿದ ನಂತರ ನೋವು ಕಡಿಮೆಯಾಗದೆ ಏರುತ್ತಲೇ ಹೋದರೆ, ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ ಅಥವಾ ಬಿಳಿಚಿಕೊಂಡರೆ, ಸ್ಪರ್ಶ ತಿಳಿಯದಿದ್ದರೆ, ಬೆರಳನ್ನು ನೇರ ಮಾಡಿದಾಗ ತಡೆಯಲಾರದ ನೋವಾದರೆ, ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎಷ್ಟು ಹೊತ್ತಾದರೂ ಸರಿ, ತಕ್ಷಣ ಆಸ್ಪತ್ರೆಗೆ ಬನ್ನಿ. ಕಟ್ಟು ಸಡಿಲಿಸಿದರೆ ಮೂಳೆಯನ್ನು ಮತ್ತೆ ಕೂರಿಸಬಹುದು, ಸತ್ತ ಸ್ನಾಯುವನ್ನು ಮತ್ತೆ ಬದುಕಿಸಲಾಗದು.

ತಡಮಾಡಬಾರದ ಇತರ ಲಕ್ಷಣಗಳು

- ಬೆನ್ನುನೋವಿನ ಜೊತೆ ಮೂತ್ರ ಕಟ್ಟುವುದು, ಮಲಮೂತ್ರ ಹತೋಟಿ ತಪ್ಪುವುದು, ಕೂರುವ ಜಾಗ ಮರಗಟ್ಟುವುದು
- ಕಾಲುಗಳಲ್ಲಿ ಶಕ್ತಿ ಕುಂದುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು
- ಒಂದು ಕೀಲು ಇದ್ದಕ್ಕಿದ್ದಂತೆ ಕೆಂಪಗೆ ಊದಿ ಜ್ವರ ಬರುವುದು, ಮುಖ್ಯವಾಗಿ ಮಕ್ಕಳಲ್ಲಿ
- ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ಮೂಳೆ ನೋವು
- ಮಲಗಿದರೂ ಕಡಿಮೆಯಾಗದ, ರಾತ್ರಿ ಎಬ್ಬಿಸುವ ನೋವು
- ಎಡಭುಜದ ನೋವಿನ ಜೊತೆ ಎದೆ ಹಿಂಡಿದಂತಾಗಿ ಬೆವರುವುದು. ಇದು ಭುಜದ ತೊಂದರೆಯಲ್ಲ, ಹೃದಯದ್ದಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ

ಕೆಲಸ ಬಿಡದೆ ಏನು ಮಾಡಬಹುದು?

‘ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ’ ಎಂದು ಹೇಳುವುದು ಸುಲಭ. ದುಡಿದೇ ತಿನ್ನಬೇಕಾದವರಿಗೆ ಅದನ್ನು ಪಾಲಿಸುವುದು ಕಷ್ಟ. ಆದ್ದರಿಂದ ಆಗುವಂತಹದನ್ನೇ ಹೇಳುತ್ತೇವೆ.

1. ಅರ್ಧ ಗಂಟೆಗೊಮ್ಮೆ ಅರ್ಧ ನಿಮಿಷ ಭಂಗಿ ಬದಲಿಸಿ. ಮಿಷಿನ್ ಬಿಟ್ಟು ಏಳಲು ಆಗದಿದ್ದರೆ ಕುಳಿತಲ್ಲೇ ಭುಜ ಹಿಂದಕ್ಕೆ ತಿರುಗಿಸಿ, ಕುತ್ತಿಗೆ ನಿಧಾನವಾಗಿ ಎಡಬಲಕ್ಕೆ ಹೊರಳಿಸಿ, ಮುಷ್ಟಿ ಬಿಗಿದು ಬಿಡಿ.
2. ಎತ್ತುವಾಗ ಕಾಲು ಅಗಲಿಸಿ, ಮಂಡಿ ಮಡಿಸಿ, ವಸ್ತುವನ್ನು ಹೊಟ್ಟೆಗೆ ಒತ್ತಿ ಹಿಡಿದು ಏಳಿ. ತಿರುಗುವಾಗ ಸೊಂಟ ತಿರುಚದೆ ಪಾದಗಳನ್ನು ತಿರುಗಿಸಿ. ತುಂಬಿದ ಒಂದು ಕೊಡಕ್ಕಿಂತ ಅರ್ಧ ತುಂಬಿದ ಎರಡು ಕೊಡ ಎರಡೂ ಕೈಗೆ ಒಳ್ಳೆಯದು.
3. ನಿಂತು ಅಡುಗೆ, ಇಸ್ತ್ರಿ ಮಾಡುವವರು ಒಂದು ಗಿಡ್ಡ ಮಣೆಯ ಮೇಲೆ ಕಾಲನ್ನು ಬದಲಿಸಿ ಇಟ್ಟುಕೊಳ್ಳಿ.
4. ಮಂಡಿ ಸವೆದವರು ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ, ತೊಡೆ ಬಿಗಿದು, ಹತ್ತು ಎಣಿಸಿ ಇಳಿಸಿ. ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ಬಾರಿ. ತೊಡೆ ಗಟ್ಟಿಯಾದರೆ ಮಂಡಿಗೆ ಆಸರೆ.
5. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಉಲ್ಲಾಳ ಕೆರೆಯ ಕಡೆಗೋ, ಜ್ಞಾನಭಾರತಿಯ ಮರಗಳ ನೆರಳಿಗೋ ಹೋಗಿ. ಅದಕ್ಕೆ ದುಡ್ಡು ಬೇಕಿಲ್ಲ.
6. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಮುದ್ದೆ, ಮಜ್ಜಿಗೆ, ಸೊಪ್ಪು, ಎಳ್ಳು ನಮ್ಮ ಮನೆಯ ಮದ್ದು. ಜೊತೆಗೆ ಕೈಕಾಲಿಗೆ ಸ್ವಲ್ಪ ಬಿಸಿಲು ಬೀಳಲಿ.
7. ಬೀಡಿ, ಸಿಗರೇಟು, ಮದ್ಯ ಮೂಳೆಗೂ ಶತ್ರುಗಳು. ಧೂಮಪಾನಿಗಳ ಮುರಿದ ಮೂಳೆ ಕೂಡುವುದು ತಡ.

ಇ.ಎಸ್.ಐ. ಸೌಲಭ್ಯವಿರುವ ಕಾರ್ಮಿಕರು ನೋವು ಮುಚ್ಚಿಟ್ಟು ದುಡಿಯಬೇಕಾಗಿಲ್ಲ. ವಂತಿಗೆಯ ನಿಯಮ ಪೂರೈಸಿದವರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ, ಸಂಬಳದ ನೂರಕ್ಕೆ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ರಾಜಾಜಿನಗರದಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ. ಇದು ಭಿಕ್ಷೆಯಲ್ಲ, ನಿಮ್ಮ ವಂತಿಗೆಯಿಂದ ಬಂದ ಹಕ್ಕು.

ಆರೈಕೆ ಮಾಡುವ ಬಂಧುಗಳಿಗೆ

ರೋಗಿಯನ್ನು ನೋಡಿಕೊಳ್ಳಲು ಬಂದವರು ತಾವೇ ಸೊಂಟ ನೋವು ಹತ್ತಿಸಿಕೊಂಡು ಮನೆಗೆ ಹೋಗುವುದುಂಟು. ಮಲಗಿದವರನ್ನು ಒಬ್ಬರೇ ಎತ್ತಬೇಡಿ. ತೋಳು ಹಿಡಿದು ಎಳೆದರೆ ಅವರ ಭುಜಕ್ಕೂ ನಿಮ್ಮ ಬೆನ್ನಿಗೂ ಕೇಡು. ದಪ್ಪ ಬೆಡ್‌ಶೀಟನ್ನು ಅಡ್ಡಲಾಗಿ ಹಾಸಿ ಇಬ್ಬರು ಎರಡೂ ಬದಿಯಿಂದ ಹಿಡಿದು ಸರಿಸಿ. ಕೂರಿಸುವಾಗ ಮೊದಲು ಮಗ್ಗುಲಿಗೆ ಹೊರಳಿಸಿ, ಕಾಲನ್ನು ಮಂಚದಿಂದ ಕೆಳಗಿಳಿಸಿ, ಆಮೇಲೆ ಮೇಲಕ್ಕೆಬ್ಬಿಸಿ. ಬೆನ್ನಿಗೆ ಅಥವಾ ಸೊಂಟಕ್ಕೆ ಪೆಟ್ಟಾದವರನ್ನು ನರ್ಸ್ ಹೇಳದೆ ಅಲುಗಿಸಬಾರದು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನು ಹುಣ್ಣಾಗುವುದಿಲ್ಲ. ಮನೆಗೆ ಹೋದ ಮೇಲೆ ಬಚ್ಚಲಿನ ಪಾಚಿ ತೆಗೆಯುವುದು, ರಾತ್ರಿ ದೀಪ ಇಡುವುದು, ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸುವುದು ದೊಡ್ಡ ಆಪರೇಷನ್ನನ್ನೇ ತಪ್ಪಿಸಬಹುದು.

ಇನ್ನೊಂದು ಮಾತು. ನೋವಿನವರು ಹೇಳಿದ್ದನ್ನು ‘ನಾಟಕ’ ಎನ್ನಬೇಡಿ. ಎಕ್ಸ್‌ರೇಯಲ್ಲಿ ಕಾಣದ ನೋವೂ ನೋವೇ. ಹಾಗೆಯೇ ಪ್ರೀತಿಯಿಂದ ಎಲ್ಲ ಕೆಲಸವನ್ನೂ ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಮಾಡಬಲ್ಲಷ್ಟನ್ನು ಅವರೇ ಮಾಡಲಿ, ಅದೂ ಚಿಕಿತ್ಸೆಯ ಒಂದು ಭಾಗ.

ವೈದ್ಯರ ಬಳಿ ಬರುವಾಗ

ನೋವು ಯಾವಾಗ ಶುರುವಾಯಿತು, ಯಾವುದರಿಂದ ಹೆಚ್ಚುತ್ತದೆ, ಬೆಳಿಗ್ಗೆಯ ಬಿಗಿತ ಎಷ್ಟು ಹೊತ್ತು ಇರುತ್ತದೆ, ನೀವು ಮಾಡುವ ಕೆಲಸ ಯಾವುದು, ದಿನಕ್ಕೆ ಎಷ್ಟು ಗಂಟೆ, ಈಗಾಗಲೇ ತೆಗೆದುಕೊಂಡ ಮಾತ್ರೆ ಪುಡಿಗಳು ಯಾವುವು - ಇಷ್ಟನ್ನು ನೆನಪಿಟ್ಟುಕೊಂಡು ಅಥವಾ ಬರೆದುಕೊಂಡು ಬನ್ನಿ. ಕೈಯಲ್ಲಿ ಮಾಡುವ ಕೆಲಸವನ್ನು ಅಭಿನಯಿಸಿ ತೋರಿಸಿದರೂ ಸರಿ, ವೈದ್ಯರಿಗೆ ಅರ್ಧ ಕಾರಣ ಅಲ್ಲೇ ತಿಳಿಯುತ್ತದೆ.

ಹೆಚ್ಚಿನ ಮೂಳೆ, ಕೀಲು ನೋವುಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕಾರಣ ತಿಳಿದುಕೊಂಡು, ವ್ಯಾಯಾಮವನ್ನು ಬಿಡದೆ ಮಾಡಿದರೆ ಅನೇಕರು ಮತ್ತೆ ತಮ್ಮ ಕೆಲಸಕ್ಕೆ ಮರಳುತ್ತಾರೆ. ಈ ಹಾಳೆಯನ್ನು ಓದಿ ಎಸೆಯದೆ ಮನೆಯವರಿಗೂ ಅಕ್ಕಪಕ್ಕದವರಿಗೂ ಓದಿ ಹೇಳಿ. ಕಟ್ಟಿನ ವಿಷಯವನ್ನಂತೂ ಮಕ್ಕಳಿರುವ ಪ್ರತಿ ಮನೆಗೂ ತಿಳಿಸಿ.